ಪುಟದ ಕೊನೆಯ ಎರಡು ಮನೆ

ನಮ್ಮಕ್ಕನ ಕಿವಿ ಹೋಗಿ ಆರು ವರ್ಷವಾಗಿದೆ ಎಂಬ ಸಂಗತಿ ನನಗೆ ತಿಳಿದದ್ದು ಒಂದು ಬುಧವಾರ ಮಧ್ಯಾಹ್ನ, ಕೈಯಲ್ಲಿ ರಬ್ಬರ್ ಹಿಡಿದು ಕೂತಿದ್ದಾಗ. ಹೇಳಿದರೆ ಯಾರೂ ನಂಬುವುದಿಲ್ಲ. ಆ ಆರು ವರ್ಷವೂ ನಾನು ಅವಳ ಪಕ್ಕದಲ್ಲೇ ಇದ್ದೆ. ಒಂದೇ ಮನೆಯಲ್ಲಿ ಉಂಡು, ಒಂದೇ ಬಸ್ಸು ಹತ್ತಿ, ಒಂದೇ ವಾದ್ಯವೃಂದದಲ್ಲಿ ಅವಳ ಮಗ್ಗುಲಿಗೇ ಕೂತು ಪಿಟೀಲು ನುಡಿಸಿದವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಮ್ಮದು ಎರಡನೆಯ ಪಿಟೀಲಿನ ಗುಂಪು, ಹಿಂದಿನಿಂದ ಮೂರನೆಯ ಜೋಡಿ. ವೃಂದದಲ್ಲಿ ಪಿಟೀಲಿನವರು ಇಬ್ಬಿಬ್ಬರಾಗಿ ಕೂರುತ್ತಾರೆ. ಇಬ್ಬರಿಗೂ ಸೇರಿ ಒಂದು ಸ್ಟ್ಯಾಂಡು, ಅದರ ಮೇಲೆ ಒಂದು ಸ್ವರಹಾಳೆ. ಕೇಳುವ ಜನರ ಕಡೆ ಕೂತವರು ಹೊರಗಿನವರು, ಈಚೆ ಕೂತವರು ಒಳಗಿನವರು. ಪುಟ ಮುಗಿಯುತ್ತ ಬಂದಾಗ ಹೊರಗಿನವರು ನುಡಿಸುತ್ತಲೇ ಇರಬೇಕು. ಒಳಗಿನವರು ಕಮಾನು ನಿಲ್ಲಿಸಿ, ಕೈ ಚಾಚಿ ಪುಟ ತಿರುಗಿಸಬೇಕು. ಅಕ್ಕ ಹೊರಗಿನವಳು, ನಾನು ಒಳಗಿನವಳು. ಆರು ವರ್ಷ ತಡವಾಗಿ ಹುಟ್ಟಿದ ತಪ್ಪಿಗೆ ಇಪ್ಪತ್ತಾರು ವರ್ಷ ಪುಟ ತಿರುಗಿಸಿದೆ.

ಹಾಳೆಯ ಮೇಲೆ ಎರಡು ನಿಲುವುಗೀಟುಗಳ ನಡುವಿನ ಜಾಗಕ್ಕೆ ಎಲ್ಲರೂ ಬಾರ್ ಅನ್ನುತ್ತಾರೆ. ನಮಗೆ ಪಿಟೀಲು ಕಲಿಸಿದ ಅಪ್ಪ ಮಾತ್ರ ಅದನ್ನು ಮನೆ ಅನ್ನುತ್ತಿದ್ದರು. "ಒಂದೊಂದೇ ಮನೆ ದಾಟ್ಕೊಂಡು ಹೋಗ್ಬೇಕು, ಯಾರ ಮನೇಲೂ ಕೂತ್ಬಿಡಬಾರ್ದು" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ನಾವಿಬ್ಬರೂ ಇಂದಿಗೂ ಮನೆ ಎಂದೇ ಹೇಳುವುದು. ಪುಟದ ಕೊನೆಯ ಎರಡು ಮನೆ ಬಂತೆಂದರೆ ನನ್ನ ಕಮಾನು ನಿಲ್ಲುತ್ತಿತ್ತು, ಎಡಗೈ ಹಾಳೆಯ ಮೂಲೆಗೆ ಹೋಗುತ್ತಿತ್ತು. ಆ ಎರಡು ಮನೆ ಅಕ್ಕನವು.

ಇನ್ನು ಅಕ್ಕನ ಬಾಯಿ. ಅದರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ ಅದಕ್ಕೆ ಬಿಡುವು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಅಭ್ಯಾಸದ ನಡುವಿನ ಹತ್ತು ನಿಮಿಷದ ಬಿಡುವಿನಲ್ಲಿ, ಒಂದೇ ಸಮನೆ ಮಾತು. ಎದುರಿಗಿದ್ದವರಿಗೆ ‘ಹೂಂ’ ಅನ್ನಲೂ ಸಂದು ಸಿಗುವುದಿಲ್ಲ. "ನಿಮ್ಮಕ್ಕ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟು ವರ್ಷಗಳೇ ಆದವು ಕಣೇ, ಅವರು ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಕೋತಾರೆ" ಎಂದು ನಮ್ಮ ಯಜಮಾನರು ಎಷ್ಟೋ ಸಲ ನಗಾಡಿದ್ದಾರೆ. ಗಡಿಯಾರ ರಿಪೇರಿ ಮಾಡುವ ಮನುಷ್ಯ. ಸಣ್ಣ ಸದ್ದಿಗೂ ಕಿವಿಗೊಡುವುದು ಅವರ ಕಸುಬು. ಆ ಮಾತನ್ನು ನಾನು ತಮಾಷೆ ಅಂದುಕೊಂಡು ನಕ್ಕುಬಿಟ್ಟಿದ್ದೆ.

ಇದೆಲ್ಲ ಹೊರಬಿದ್ದದ್ದು ಈಜುಕೊಳದ ಸಾಹೇಬರಿಂದ.

ಈಜುಕೊಳದ ಸಾಹೇಬರೆಂದರೆ ನಮ್ಮ ಹೊಸ ಮ್ಯಾನೇಜರು. ಇಲ್ಲಿಗೆ ಬರುವ ಮೊದಲು ಅವರು ಒಂದು ಈಜುಕೊಳ ನೋಡಿಕೊಳ್ಳುತ್ತಿದ್ದರಂತೆ. ಕೆಟ್ಟವರೇನಲ್ಲ. ಸಭಾಂಗಣದ ಬಾಗಿಲಲ್ಲಿ ನಿಂತು ಬಂದವರ ತಲೆ ಎಣಿಸುತ್ತಿದ್ದರು; ಮುಳುಗುತ್ತಿರುವವರು ಯಾರು ಎಂದು ನೋಡುವ ಅಭ್ಯಾಸ ಅವರಿಗೆ ಮೊದಲೇ ಇತ್ತಲ್ಲ. ಹಿಂದಿನ ತಿಂಗಳ ಕಛೇರಿಯಲ್ಲಿ ವೇದಿಕೆಯ ಮೇಲೆ ನಾವು ಅರವತ್ತನಾಲ್ಕು ಜನ ಇದ್ದೆವು. ಕೆಳಗೆ ಸಾವಿರದ ನೂರು ಕುರ್ಚಿಗಳಲ್ಲಿ ಎಷ್ಟು ಮಂದಿ ಇದ್ದರೆಂದರೆ, ಕೆಮ್ಮಿದರೆ ಯಾರು ಕೆಮ್ಮಿದ್ದು ಎಂದು ಹೆಸರು ಹಿಡಿದು ಹೇಳಬಹುದಿತ್ತು. ಅದೇ ಸಭಾಂಗಣದಲ್ಲಿ ನಮ್ಮ ಹಿಂದೆ ದೊಡ್ಡ ಪರದೆ ಕಟ್ಟಿ ಸಿನಿಮಾ ಬಿಟ್ಟು, ಅದರ ಸಂಗೀತವನ್ನು ನಾವು ಕೆಳಗೆ ಕೂತು ನುಡಿಸಿದರೆ ಮಾತ್ರ ನಿಲ್ಲಲೂ ಜಾಗ ಇರುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಸಾಹೇಬರು ಅಭ್ಯಾಸದ ಕೋಣೆಗೆ ಬಂದು, ನೀರು ಕುಡಿದು, ಒಂದು ಚೀಟಿ ನೋಡಿಕೊಂಡು ಹೇಳಿದರು. "ನೇರವಾಗಿ ಹೇಳ್ಬಿಡ್ತೀನಿ. ಇನ್ಮೇಲೆ ಸಿನಿಮಾ ಕಾರ್ಯಕ್ರಮವೇ ಹೆಚ್ಚು. ಅದಕ್ಕೆ ಅರವತ್ತನಾಲ್ಕು ಜನ ಬೇಡ, ನಲವತ್ತು ಸಾಕು. ಎರಡನೇ ಪಿಟೀಲು ಹತ್ತು ಜನ ಇದ್ದೀರಿ, ಆರು ಜನ ಉಳೀತೀರಿ."

ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುವವನೊಬ್ಬನ ಕಮಾನು ಕೈಜಾರಿ ನೆಲಕ್ಕೆ ಬಿತ್ತು, ಅದನ್ನು ಎತ್ತಿಕೊಳ್ಳಲೂ ಅವನು ಬಗ್ಗಲಿಲ್ಲ.

"ಕಾಗದ ಇರಲ್ಲ. ಒಬ್ಬೊಬ್ಬರಿಗೂ ಸ್ವರ ತೋರಿಸೋ ಒಂದೊಂದು ಪುಟ್ಟ ಪರದೆ. ಇಬ್ಬಿಬ್ಬರು ಕೂರೋದು ಮುಗೀತು, ಒಬ್ಬೊಬ್ಬರೇ, ಒಂದು ಮೀಟರ್ ಅಂತರದಲ್ಲಿ. ಸಿನಿಮಾಕ್ಕೆ ಸರಿಯಾಗಿ ತಾಳ ಸಿಗಬೇಕಲ್ಲ, ಅದಕ್ಕೆ ಎಲ್ಲರ ಕಿವಿಗೂ ಒಂದು ಸಣ್ಣ ಬಿರಡೆ. ಅದರಲ್ಲಿ ಟಿಕ್ ಟಿಕ್ ಅಂತ ಬರ್ತಿರುತ್ತೆ, ಅದರ ಪ್ರಕಾರ ನುಡಿಸಬೇಕು. ಶುಕ್ರವಾರ ಪರೀಕ್ಷೆ. ತೆರೆಯ ಹಿಂದೆ. ಯಾರು ಯಾರು ಅಂತ ತೀರ್ಪು ಕೊಡೋರಿಗೆ ಗೊತ್ತಾಗಲ್ಲ. ಎಲ್ಲರಿಗೂ ಒಂದೇ ನ್ಯಾಯ."

"ಮತ್ತೆ ಕಂಡಕ್ಟರ್?" ಯಾರೋ ಕೇಳಿದರು.

"ಇರ್ತಾರೆ" ಎಂದರು ಸಾಹೇಬರು, ಅಷ್ಟೇನೂ ಖಾತ್ರಿಯಿಲ್ಲದ ದನಿಯಲ್ಲಿ. ಕೋಲು ಹಿಡಿದು ನಮ್ಮನ್ನು ನಡೆಸುತ್ತಿದ್ದ ಕಂಡಕ್ಟರ್ ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದರು. ಅವರ ಮುಖ ನೋಡಿದರೆ ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿಬಿಟ್ಟ ಬಸ್ ಕಂಡಕ್ಟರ್ ಹಾಗೇ ಇತ್ತು.

ನಾನು ಅಕ್ಕನ ಮುಖ ನೋಡಿದೆ. ಅವಳು ಸಾಹೇಬರ ತುಟಿಯನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೂ ನೋಡುತ್ತಿದ್ದಳು. ಬಸ್ಸಿನಲ್ಲಿ ಮನೆಗೆ ಬರುವ ತನಕ ಒಂದು ಮಾತೂ ಆಡಲಿಲ್ಲ. ಆಘಾತವಾಗಿದೆ ಪಾಪ, ಎಂದುಕೊಂಡೆ. ನನಗೂ ಆಗಿತ್ತು. ಹತ್ತರಲ್ಲಿ ಆರು ಎಂದರೆ ನಾಲ್ಕು ಜನ ಬೀದಿಗೆ. ನನ್ನ ನುಡಿಸಾಣಿಕೆಯ ಮೇಲೆ ನನಗೆ ನಂಬಿಕೆಯಿತ್ತು, ಅಕ್ಕನದರ ಮೇಲೆ ಅದಕ್ಕಿಂತ ಹೆಚ್ಚು. ಆ ಮೀಟರ್ ಅಂತರದ ಮಾತೇ ನನಗೆ ಕುಟುಕಿದ್ದು.

ಸ್ವರಹಾಳೆಗಳ ಕೋಣೆ ನೋಡಿಕೊಳ್ಳುತ್ತಿದ್ದ ಮುದುಕರನ್ನು ನಾವು ಹಾಳೆತಾತ ಎಂದು ಕರೆಯುತ್ತಿದ್ದೆವು. ಕಾಗದವೇ ಇಲ್ಲದ ಮೇಲೆ ತಾತ ಯಾಕೆ? ಅವರನ್ನು ಸೋಮವಾರವೇ ಕಳಿಸಿಕೊಟ್ಟಿದ್ದರು. ಅವರ ಚಪ್ಪಲಿ ಇನ್ನೂ ಕಪಾಟಿನ ಕೆಳಗೆ ಇತ್ತು. ಪರದೆಗೆ ಏರಿಸುವ ಮೊದಲು ಹಾಳೆಗಳ ಮೇಲಿನ ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಬೇಕಿತ್ತು, ಗಾಜಿನ ಮೇಲೆ ಗಲೀಜು ಕಾಣಬಾರದೆಂದು ಸಾಹೇಬರ ಆಜ್ಞೆ. ಯಾರು ಬರುತ್ತೀರಿ ಎಂದಾಗ ನಾನು ಕೈಯೆತ್ತಿದೆ. ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಹುಟ್ಟುಗುಣ.

ಹಾಗಾಗಿ ಬುಧವಾರ ಮಧ್ಯಾಹ್ನ ಆ ಕೋಣೆಯಲ್ಲಿ ನಾನೊಬ್ಬಳೇ ಕೂತಿದ್ದೆ. ಎದುರಿಗೆ ನಮ್ಮ ಜೋಡಿಯ ಹಾಳೆಗಳ ಗಂಟು.

ಪೆನ್ಸಿಲ್ ಗುರುತು ಎಂದರೆ ನಮ್ಮ ಕಸುಬಿನವರ ದಿನಚರಿ ಇದ್ದ ಹಾಗೆ. ಇಲ್ಲಿ ಕಮಾನು ಮೇಲಕ್ಕೆ, ಇಲ್ಲಿ ಮೆಲ್ಲಗೆ, ಇಲ್ಲಿ ಆತುರ ಬೇಡ. ಕೊನೆಯ ಪುಟದ ಹಿಂದೆ ಅಕ್ಕ ಪ್ರತಿ ಕಛೇರಿಯ ತಾರೀಖು ಬರೆದು ಪಕ್ಕದಲ್ಲಿ ‘ಚಳಿ’, ‘ಕಂಡಕ್ಟರಿಗೆ ನೆಗಡಿ’ ಎಂದು ಸೇರಿಸುತ್ತಿದ್ದಳು. ಮತ್ತೆ ಕನ್ನಡಕ. ಎಚ್ಚರ, ಹಾಳೆಯಿಂದ ತಲೆಯೆತ್ತಿ ಕಂಡಕ್ಟರ್ ಕಡೆ ನೋಡು ಎನ್ನಲು ನಾವೆಲ್ಲ ಪೆನ್ಸಿಲಿನಲ್ಲಿ ಪುಟ್ಟದೊಂದು ಕನ್ನಡಕ ಬರೆದುಕೊಳ್ಳುತ್ತೇವೆ. ಎರಡು ಸೊನ್ನೆ, ನಡುವೆ ಒಂದು ಗೀಟು. ಕಷ್ಟದ ಜಾಗದಲ್ಲಿ ಒಂದೋ ಎರಡೋ ಇರುತ್ತದೆ.

ನಮ್ಮ ಗಂಟಿನ ಮೇಲ್ಗಡೆಯ ಹಾಳೆಗಳಲ್ಲಿ ಕನ್ನಡಕ ಪುಟಪುಟಕ್ಕೂ ಇತ್ತು. ಎಲ್ಲವೂ ಪುಟದ ತುದಿಯಲ್ಲಿ, ಕೊನೆಯ ಎರಡು ಮನೆಯ ಮೇಲೆ. ಅದು ನನಗೆ ಹೊಸದೇನಲ್ಲ. ವರ್ಷಗಳಿಂದ ನೋಡುತ್ತಿದ್ದೆ. ‘ಪುಟ ಬಂತು ಕಣೇ, ಕೈ ಚಾಚು’ ಎಂದು ಅಕ್ಕ ನನಗೋಸ್ಕರ ಬರೆದಿದ್ದಾಳೆ ಎಂದೇ ತಿಳಿದಿದ್ದೆ. ಕನ್ನಡಕ ಕಂಡ ತಕ್ಷಣ ಕೈ ತಾನಾಗಿ ಏಳುತ್ತಿತ್ತು.

ಅಳಿಸುತ್ತ ಅಳಿಸುತ್ತ ತಾರೀಖು ನೋಡಿದೆ. ಹದಿನೈದು ವರ್ಷದ ಹಿಂದಿನ ಹಾಳೆಯಲ್ಲಿ ಕನ್ನಡಕವಿಲ್ಲ. ಹತ್ತು ವರ್ಷದ ಹಿಂದೆಯೂ ಇಲ್ಲ. ಆರು ವರ್ಷದ ಹಿಂದಿನದರಲ್ಲಿ ಶುರು. ಆಮೇಲೆ ಒಂದೂ ಪುಟ ಬಿಟ್ಟಿಲ್ಲ. ಇಪ್ಪತ್ತು ವರ್ಷ ಪುಟ ತಿರುಗಿಸಿದವಳಿಗೆ ಆಮೇಲೆ ಯಾಕೆ ಸೂಚನೆ? ರಬ್ಬರ್ ಅಲ್ಲೇ ನಿಂತಿತು. ಕನ್ನಡಕ ಎಂದರೆ ‘ತಲೆಯೆತ್ತಿ ನೋಡು’. ಹಾಗಾದರೆ ಇದು ನನಗಲ್ಲ. ಅಕ್ಕ ತನಗೇ ಬರೆದುಕೊಂಡದ್ದು. ಪ್ರತಿ ಪುಟದ ಕೊನೆಯಲ್ಲಿ ಕಂಡಕ್ಟರನ್ನು ನೋಡು ಎಂದು. ಅಲ್ಲಿಯವರೆಗೆ ಅವಳು ಏನನ್ನು ನೋಡುತ್ತಿದ್ದಳು?

ನನ್ನ ಕಮಾನನ್ನು.

ಪುಟದ ಕೊನೆಯಲ್ಲಿ ನನ್ನ ಕಮಾನು ನಿಲ್ಲುತ್ತದೆ. ನೋಡಲು ಏನೂ ಇರುವುದಿಲ್ಲ. ಅದಕ್ಕೇ ಕನ್ನಡಕ. ಪಕ್ಕದಲ್ಲಿ ಅರವತ್ತು ಜನ ಗಟ್ಟಿಯಾಗಿ ನುಡಿಸುತ್ತಿರುವಾಗ, ಕಿವಿ ಇದ್ದವಳು ಯಾರಾದರೂ ತಂಗಿಯ ಕಮಾನು ನೋಡಿಕೊಂಡು ನುಡಿಸುತ್ತಾಳೆಯೇ?

ಆಮೇಲೆ ಒಂದರ ಮೇಲೊಂದು ನೆನಪಾಗತೊಡಗಿದವು. ಅಕ್ಕ ಫೋನು ಎತ್ತುವುದಿಲ್ಲ, ಮೆಸೇಜ್ ಕಳಿಸು ಎನ್ನುತ್ತಾಳೆ. ಬಾಗಿಲ ಬೆಲ್ಲು ಅವಳಿಗೆ ಯಾವಾಗಲೂ ‘ಗಮನಕ್ಕೆ ಬರಲಿಲ್ಲ’. ಎಲ್ಲರೂ ನಕ್ಕ ಮೇಲೆ ನಗುತ್ತಾಳೆ. ಗೋಡೆಗೆ ಬೆನ್ನು ಕೊಟ್ಟು ಎಲ್ಲರ ಮುಖ ಕಾಣುವ ಹಾಗೇ ಕೂರುತ್ತಾಳೆ. ಮತ್ತೆ ಆ ಮಾತು, ಮಾತು, ಮಾತು. ಬೇರೆಯವರಿಗೆ ಬಾಯಿ ತೆರೆಯಲು ಬಿಟ್ಟರೆ ತಾನೆ ಕೇಳಿಸಿಕೊಳ್ಳಬೇಕಾದದ್ದು. ನಾನು ರಬ್ಬರನ್ನು ಹಾಳೆಗಳ ಮೇಲೇ ಬಿಟ್ಟು ಮನೆಗೆ ಹೊರಟೆ.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ನಲ್ಲಿಯ ಪಕ್ಕ ನಿಂತು ಕ್ಯಾರೆಟ್ ಹೆಚ್ಚುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ನಾನು ಬಾಗಿಲಲ್ಲೇ ನಿಂತೆ.

"ಅಕ್ಕ" ಎಂದೆ.

ಚಾಕು ನಿಲ್ಲಲಿಲ್ಲ.

"ಅಕ್ಕ, ನೀನೊಂದು ಕತ್ತೆ."

ಅವಳು ಕ್ಯಾರೆಟ್ಟಿನ ತುದಿ ಕತ್ತರಿಸಿ ಪಕ್ಕಕ್ಕೆ ಹಾಕಿದಳು.

"ಅಕ್ಕ, ಮನೆಗೆ ಬೆಂಕಿ ಬಿದ್ದಿದೆ!" ಈ ಸಲ ಕಿರುಚಿದೆ. ಒಳಗಿನ ಕೋಣೆಯಿಂದ ನಮ್ಮ ಯಜಮಾನರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯ ಸಮೇತ ಓಡಿ ಬಂದರು. "ಎಲ್ಲಿ? ಎಲ್ಲಿ ಬೆಂಕಿ?"

ಅಕ್ಕ ಇನ್ನೊಂದು ಕ್ಯಾರೆಟ್ ಎತ್ತಿಕೊಂಡಳು.

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಅಳು ಉಕ್ಕಿ ಬಂತು. ಅಷ್ಟರಲ್ಲಿ ಕಿಟಕಿಯ ಗಾಜಿನಲ್ಲಿ ನಮ್ಮಿಬ್ಬರ ನೆರಳು ಕಂಡಿರಬೇಕು, ಅಕ್ಕ ತಿರುಗಿದಳು. "ಏನ್ರೀ ಇಬ್ರೂ ಹೀಗೆ ನಿಂತಿದ್ದೀರಿ, ಇವತ್ತು ಆ ಚಮ್ಮಾರನ ಅಂಗಡಿಲಿ ಏನಾಯ್ತು ಗೊತ್ತಾ..." ಎಂದು ಶುರುಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಎಷ್ಟು ವರ್ಷದಿಂದ?" ನಾನು ತುಟಿ ಬಿಡಿಸಿ ಬಿಡಿಸಿ ಕೇಳಿದೆ.

ಅವಳು ಚಾಕು ಕೆಳಗಿಟ್ಟಳು. ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. "ಆರು" ಎಂದಳು.

ಯಜಮಾನರು ಮೆಲ್ಲಗೆ ಹಿಂದೆ ಸರಿದು ಹೋದರು. ನಾನು ಬಾಯಿಗೆ ಬಂದಂತೆ ಬೈದೆ. ಒಡಹುಟ್ಟಿದವಳಿಗೆ ಹೇಳಬೇಡವೇ, ನನ್ನನ್ನೇನು ಬೀದಿಯವಳು ಅಂದುಕೊಂಡೆಯಾ, ನಿನ್ನ ಪಕ್ಕ ಕೂತು ದಿನವೂ ನಾನು ಮಂಗನಾದೆನಲ್ಲ. ಅಕ್ಕ ನನ್ನ ತುಟಿ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಸ್ವಲ್ಪ ನಿಧಾನವಾಗಿ ಬೈಯೇ" ಎಂದಳು ಕೊನೆಗೆ. "ಅರ್ಧ ತಪ್ಪಿಹೋಯ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಆಯಿತು.

ಆಮೇಲೆ ಅವಳೇ ಹೇಳಿದಳು. "ಹೊರಗಿನ ಸದ್ದು ಒಳಗೆ ಬರಲ್ಲ ಕಣೇ, ದಾರಿ ಕಟ್ಟಿದೆ ಅಂದ್ರು ಡಾಕ್ಟರು. ಆದ್ರೆ ಪಿಟೀಲು ಗದ್ದದ ಕೆಳಗಿಟ್ರೆ ದವಡೆ ಮೂಳೇಲಿ ಬರುತ್ತೆ. ನನ್ನದು ನನಗೆ ಚೆನ್ನಾಗಿ ಕೇಳ್ಸುತ್ತೆ. ನಿಮ್ಮದ್ಯಾರದ್ದೂ ಕೇಳ್ಸಲ್ಲ. ನಿಜ ಹೇಳ್ಬೇಕು ಅಂದ್ರೆ ಕೆಲವು ದಿನ ಅದೇ ವಾಸಿ."

"ಕಿವಿಗೆ ಯಂತ್ರ ಹಾಕಿಸ್ಕೋಬಾರ್ದಿತ್ತಾ?"

"ಕಿವಿಯಂತ್ರ ಹಾಕ್ಕೊಂಡು ಪಿಟೀಲು ಎತ್ಕೊಂಡು ಬಂದವಳನ್ನ ಯಾರು ಕೂರಿಸ್ಕೋತಾರೆ? ಮಾರನೇ ದಿನಾನೇ ಹೂಗುಚ್ಛ ಕೊಟ್ಟು ಕಳಿಸ್ತಿದ್ರು." ಅವಳು ಒಂದು ಕ್ಯಾರೆಟ್ ತುಂಡು ಬಾಯಿಗೆ ಹಾಕಿಕೊಂಡಳು, ಅಗಿಯಲಿಲ್ಲ. "ನೀನಿದ್ದೆ. ನಿನ್ನ ಕಮಾನು ಹೋದ ಕಡೆ ನನ್ನದೂ ಹೋಗ್ತಿತ್ತು. ಈಗ ಒಬ್ಬೊಬ್ಬರೇ ಅಂತಾರೆ, ಮೀಟರ್ ದೂರ ಅಂತಾರೆ. ಕಿವೀಲಿ ಟಿಕ್ ಟಿಕ್ ಅಂತೆ. ಗುಡುಗೇ ಕೇಳ್ಸಲ್ಲ ನನಗೆ, ಇನ್ನು ಟಿಕ್ ಟಿಕ್. ಆ ಕುರ್ಚಿ ಹೋದ್ರೆ ನಾನು ಏನು ಅಂತ ಹೇಳು. ಬಾಯಿಬಡಕಿ ಅಷ್ಟೇ."

ಅವಳು ಅತ್ತದ್ದನ್ನು ನಾನು ಅಪ್ಪ ಹೋದ ದಿನವೂ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಕ್ಯಾರೆಟ್ ಸಿಪ್ಪೆಯ ಮುಂದೆ ನೋಡಿದೆ. ಅಲ್ಲೇ ತೀರ್ಮಾನ ಮಾಡಿಬಿಟ್ಟೆ: ಶುಕ್ರವಾರ ಅಕ್ಕನನ್ನು ದಾಟಿಸುವುದು ನನ್ನ ಹೊಣೆ.

ಉಪಾಯ ಸರಳವಾಗಿತ್ತು. ಪರೀಕ್ಷೆಗೆ ಅಕ್ಕನ ನಂಬರ್ ಏಳು, ನನ್ನದು ಎಂಟು. ಮುಂದಿನ ನಂಬರಿನವರು ವೇದಿಕೆಯ ಪಕ್ಕದ ಮರೆಯಲ್ಲಿ ನಿಂತಿರಬೇಕು, ಅಭ್ಯಾಸವಾಗಲೆಂದು ಅವರ ಕಿವಿಗೂ ಅದೇ ಟಿಕ್ ಟಿಕ್ ಕೊಟ್ಟಿರುತ್ತಾರೆ. ನಾನು ಅಲ್ಲಿ ನಿಂತು ನನ್ನ ಕಮಾನಿನಿಂದ ಗಾಳಿಯಲ್ಲಿ ತಾಳ ಹಾಕುತ್ತೇನೆ, ಅಕ್ಕ ನೋಡಿಕೊಂಡು ನುಡಿಸುತ್ತಾಳೆ. ಪುಟದ ಕೊನೆಯಲ್ಲಿ ಅವಳು ಹೆದರಿ ಗಾಬರಿಯಾಗಬಾರದಲ್ಲ, ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ಗುರುವಾರ ಮತ್ತೆ ಹಾಳೆಗಳ ಕೋಣೆಗೆ ಹೋಗಿ, ಪರೀಕ್ಷೆಗೆಂದು ಗೊತ್ತುಮಾಡಿದ್ದ ನಾಲ್ಕು ಪುಟಕ್ಕೆ ಐದು ಜೋಡಿಗಳ ಪ್ರತಿಗಳಲ್ಲಿ ನಮ್ಮದನ್ನೇ ಪರದೆಗೆ ಏರಿಸಲು ಮೇಲಿಟ್ಟೆ. ಎಲ್ಲ ಗುರುತುಗಳನ್ನೂ ಉಜ್ಜಿ ತೆಗೆದೆ. ಕನ್ನಡಕಗಳನ್ನು ಮಾತ್ರ, ಅವಳ ಕಣ್ಣಿಗೆ ರೂಢಿಯಾದ ಗುರುತೆಂದು, ಅಳಿಸಲಿಲ್ಲ. ಮೂರು ಪುಟದ ಕೊನೆಯಲ್ಲಿ ಮೂರು ಕನ್ನಡಕ. ಉಳಿದವರು ನೋಡಿದರೆ ನೋಡಲಿ, ಅವರಿಗೇನು ನಷ್ಟ ಎಂದುಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಶುಕ್ರವಾರ ವೇದಿಕೆಯ ಮುಂದೆ ಕಪ್ಪು ತೆರೆ ಎಳೆದಿದ್ದರು. ಅದರಾಚೆ ತೀರ್ಪುಗಾರರು ಮೂವರು. ಚಪ್ಪಲಿಯ ಸದ್ದಿನಿಂದ ಹೆಂಗಸೋ ಗಂಡಸೋ ಎಂದು ಗೊತ್ತಾಗಬಾರದೆಂದು ನೆಲಕ್ಕೆ ಕಂಬಳಿ ಹಾಸಿದ್ದರು. ಮಾತಾಡುವಂತಿಲ್ಲ. ಒಂದು ಕುರ್ಚಿ, ಒಂದು ಸ್ಟ್ಯಾಂಡು, ಅದರ ಮೇಲೆ ಬೆಳಗುವ ಪರದೆ. ಅಕ್ಕ ಹೋಗಿ ಕೂತಳು. ಕಿವಿಗೆ ಬಿರಡೆ ಸಿಕ್ಕಿಸಿಕೊಂಡಳು. ಆ ಗಂಭೀರ ಮುಖ ನೋಡಿದರೆ ಅದರಲ್ಲಿ ಜಗತ್ತಿನ ಸಂಗೀತವೆಲ್ಲ ಬರುತ್ತಿದೆ ಎಂದುಕೊಳ್ಳಬೇಕು.

ನನ್ನ ಕಿವಿಯಲ್ಲಿ ಟಿಕ್ ಟಿಕ್ ಶುರುವಾಯಿತು. ಕಮಾನು ಎತ್ತಿ ತಾಳ ಹಾಕಿದೆ. ಒಂದು, ಎರಡು, ಮೂರು, ನಾಲ್ಕು.

ಅಕ್ಕ ನನ್ನ ಕಡೆ ನೋಡಲಿಲ್ಲ.

ನೋಡೇ, ಎಂದು ಹಲ್ಲು ಕಚ್ಚಿದೆ. ಕಾಗೆ ಓಡಿಸುವವಳ ಹಾಗೆ ಕಮಾನು ಬೀಸಿದೆ. ಅವಳು ಕತ್ತು ತಿರುಗಿಸಲಿಲ್ಲ. ಕಣ್ಣು ಪರದೆಯ ಮೇಲೇ ನೆಟ್ಟಿತ್ತು. ಸರಿಯಾಗಿ ಟಿಕ್ ಎಂದ ಗಳಿಗೆಗೇ ಅವಳ ಕಮಾನು ತಂತಿಗೆ ಬಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದೆ. ಪರದೆಯ ಮೇಲ್ಗಡೆ ಒಂದು ಕೆಂಪು ಚುಕ್ಕಿ ಟಿಕ್ ಅಂದಾಗಲೆಲ್ಲ ಮಿನುಗುತ್ತಿತ್ತು. ಅದರ ಬಗ್ಗೆ ಯಾರೂ ನಮಗೆ ಹೇಳಿರಲಿಲ್ಲ. ಅಕ್ಕನಿಗೆ ಬೇಕಾದದ್ದು ಅಷ್ಟೇ ತಾನೆ, ಕಣ್ಣಿಗೆ ಕಾಣುವ ಒಂದು ತಾಳ. ಆರು ವರ್ಷ ನನ್ನ ಕಮಾನು ಮಾಡಿದ ಕೆಲಸವನ್ನು ಒಂದು ಚುಕ್ಕಿ ಮಾಡುತ್ತಿತ್ತು, ನನಗಿಂತ ಚೆನ್ನಾಗಿ.

ಅವಳು ಎಂಥ ನುಡಿಸಿದಳೆಂದರೆ ನನ್ನ ಮೈ ಜುಮ್ಮೆಂದಿತು. ಕನ್ನಡಕಗಳ ಹತ್ತಿರ ಬಂದಾಗ ಒಂದಿಷ್ಟೂ ಅಳುಕಲಿಲ್ಲ. ಕೊನೆಯ ಎರಡು ಮನೆಗಳಲ್ಲಿ ಅವಳಿಗೆ ಆರು ವರ್ಷದ ಅಭ್ಯಾಸವಿತ್ತು, ಯಾರ ಆಸರೆಯೂ ಇಲ್ಲದೆ ದಾಟಿದ ಅಭ್ಯಾಸ. ಸಂತೋಷದಿಂದ ನನ್ನ ಕಣ್ಣು ಮಂಜಾದವು. ಬೀಸುತ್ತಿದ್ದ ಕಮಾನನ್ನು ಕೆಳಗಿಳಿಸಿದೆ; ಅವಳಿಗೆ ಅದು ಬೇಡವಾದದ್ದು ನನಗೆ ಹಿತವಾಗಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಸರದಿ ಬಂತು. ಕೂತೆ. ಕೆಂಪು ಚುಕ್ಕಿ ಮಿನುಗಿತು. ಕಮಾನು ಹಗುರವಾಗಿ ಓಡಿತು. ಗೊತ್ತಿರುವ ಹಾಳೆ, ಗೊತ್ತಿರುವ ಸ್ವರ. ಮೊದಲ ಪುಟ ಕೆಳಗಿಳಿಯುತ್ತ ಬಂತು. ಕನ್ನಡಕ ಕಾಣಿಸಿತು.

ಕಮಾನು ನಿಂತಿತು. ಎಡಗೈ ಪಿಟೀಲಿನ ಕತ್ತು ಬಿಟ್ಟು ಮುಂದೆ ಹೋಯಿತು. ಬೆರಳು ತಣ್ಣನೆಯ ಗಾಜಿಗೆ ತಗುಲಿತು. ತಿರುಗಿಸಲು ಅಲ್ಲಿ ಹಾಳೆಯ ಮೂಲೆ ಇರಲಿಲ್ಲ. ಪರದೆ ತಾನಾಗಿಯೇ ಮುಂದಿನ ಪುಟಕ್ಕೆ ಹೋಯಿತು. ಸಭಾಂಗಣದಲ್ಲಿ ಎರಡು ಮನೆಯಷ್ಟು ಹೊತ್ತು ನಿಶ್ಶಬ್ದ.

ಎರಡನೆಯ ಪುಟದ ಉದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಕೈ ಎತ್ತಬೇಡ, ಕೈ ಎತ್ತಬೇಡ. ಕನ್ನಡಕ ಬಂತು. ಕೈ ಎದ್ದಿತು. ಇಪ್ಪತ್ತಾರು ವರ್ಷದ ಚಾಕರಿ, ಅದು ನನ್ನ ಮಾತು ಯಾಕೆ ಕೇಳುತ್ತದೆ? ಮೂರನೆಯ ಪುಟ. ಈ ಸಲ ಎಡಗೈಯನ್ನು ಪಿಟೀಲಿಗೆ ಒತ್ತಿ ಹಿಡಿದೆ. ಕೈ ನಿಂತಿತು. ಆದರೆ ಕಮಾನೂ ನಿಂತಿತು. ಕಣ್ಣೆದುರಿಗೆ ಎರಡು ಮನೆ ಇವೆ, ಅವುಗಳಲ್ಲಿ ಸ್ವರಗಳಿವೆ, ನನ್ನ ಬೆರಳುಗಳಿಗೆ ಅವು ಯಾವುವೆಂದೇ ಗೊತ್ತಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಅಕ್ಕನ ಪಕ್ಕ ಒಂದೇ ಹಾಳೆಗೆ ಕೂತವಳು ನಾನು. ಅಲ್ಲೂ ಪುಟ ತಿರುಗಿಸಿದವಳು ನಾನೇ. ಆ ಮನೆಗಳನ್ನು ಜನ್ಮದಲ್ಲಿ ಒಮ್ಮೆಯೂ ನುಡಿಸಿರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಹಿಂಬಾಗಿಲಿಗೆ ಪಟ್ಟಿ ಅಂಟಿಸಿದರು. ಎರಡನೆಯ ಪಿಟೀಲಿಗೆ ಆರು ನಂಬರುಗಳು. ಏಳು ಇತ್ತು. ಎಂಟು ಇರಲಿಲ್ಲ. ನಿರೀಕ್ಷಿಸಿದ್ದೇ ಆದರೂ ಮತ್ತೆ ಮತ್ತೆ ಮೇಲಿನಿಂದ ಕೆಳಕ್ಕೆ ಓದಿದೆ, ಎಲ್ಲಾದರೂ ಸಂದಿಯಲ್ಲಿ ಸಿಕ್ಕಿಕೊಂಡಿದೆಯೇನೋ ಎಂದು.

ಈಜುಕೊಳದ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ನನಗೆ ನಿಜವಾಗ್ಲೂ ಬೇಜಾರಾಯ್ತು. ನೀವು ಚೆನ್ನಾಗೇ ನುಡಿಸಿದ್ರಿ ಅಂದ್ರು. ಆದ್ರೆ ಮೂರು ಕಡೆ ಎರಡೆರಡು ಬಾರ್ ಖಾಲಿ ಬಿಟ್ಟುಬಿಟ್ರಂತೆ. ಮೂರೂ ಸಲ ಪುಟದ ಕೊನೇಲೇ. ಯಾಕೆ ಅಂತ ಯಾರಿಗೂ ಅರ್ಥ ಆಗ್ಲಿಲ್ಲ." ಸಮಾಧಾನಕ್ಕೆಂದೋ ಏನೋ ಸೇರಿಸಿದರು. "ನಿಮ್ಮಕ್ಕ ಮಾತ್ರ ಅದ್ಭುತ. ಏಳನೇ ನಂಬರಿನವರ ಕಿವಿ ಎಷ್ಟು ಸೂಕ್ಷ್ಮ ಅಂತ ಮೂರೂ ಜನ ಹೊಗಳಿದ್ರು."

ಗಟ್ಟಿಯಾಗಿ ನಕ್ಕುಬಿಡುತ್ತೇನೆಂದು ಭಯವಾಗಿ ಹೊರಗೆ ಓಡಿದೆ.

ಅಕ್ಕ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು. ಪಟ್ಟಿಯಲ್ಲಿ ಏಳು ನೋಡಿದವಳೇ ಕೆಳಗಿಳಿದು ಬಂದಿದ್ದಳಂತೆ. ಎಂಟು ಇದೆಯೋ ಇಲ್ಲವೋ ಎಂದು ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ನನ್ನನ್ನು ಕಂಡದ್ದೇ ತಡ, ಪೆಟ್ಟಿಗೆ ಬಗಲಿಗೆ ಹಾಕಿಕೊಂಡು ಮುಂದೆ ಮುಂದೆ ನಡೆಯುತ್ತ ಶುರುಮಾಡಿದಳು.

"ನೋಡಿದ್ಯೇನೇ ಆ ಚುಕ್ಕೀನ? ನಾನು ಸುಮ್ನೆ ಎಷ್ಟು ಹೆದರಿದ್ದೆ! ಇನ್ನು ನೀನು ನನ್ನ ಕಾಯೋ ಹಾಗಿಲ್ಲ, ಆರಾಮಾಗಿ ನುಡಿಸು. ಮೀಟರ್ ದೂರ ಅಂದ್ರೇನು, ಬಿಡುವಿನಲ್ಲಿ ಕುರ್ಚಿ ಹತ್ರ ಎಳ್ಕೊಂಡ್ರಾಯ್ತು. ಇಷ್ಟು ವರ್ಷ ಪುಟ ತಿರುಗಿಸಿ ಸಾಕಾಗಿದೆ ನಿನಗೂ. ನಾನು ಸಾಹೇಬ್ರಿಗೆ ಹೇಳ್ತೀನಿ, ಇನ್ಮೇಲೆ ನೀನೇ ಹೊರಗಡೆ ಕೂತ್ಕೋ, ನಾನು ಈಚೆ..."

"ಅಕ್ಕ, ನಾನಿಲ್ಲ" ಎಂದೆ ಅವಳ ಬೆನ್ನ ಹಿಂದಿನಿಂದ.

ಅವಳು ಔಷಧಿ ಅಂಗಡಿ ದಾಟಿದಳು. ಬೆಳಿಗ್ಗೆ ಯಾರು ಹೇಗೆ ನುಡಿಸಿರಬಹುದು ಎಂದು ಒಬ್ಬೊಬ್ಬರನ್ನೇ ಹಿಡಿದು ಹೇಳುತ್ತ ಹೋದಳು.

"ಅಕ್ಕ, ನನ್ನ ಕುರ್ಚಿ ಹೋಯ್ತು."

ಚಮ್ಮಾರನ ಅಂಗಡಿಯನ್ನೂ ದಾಟಿದಳು. ಬಸ್ ನಿಲ್ದಾಣಕ್ಕೆ ಇನ್ನು ನೂರು ಹೆಜ್ಜೆ. ಹೀಗೇ ಅವಳ ಬೆನ್ನ ಹಿಂದೆ ನಡೆಯುತ್ತಿದ್ದರೆ ಅವಳಿಗೆ ಯಾವತ್ತೂ ತಿಳಿಯುವುದಿಲ್ಲ ಎಂದು ಒಂದು ಕ್ಷಣ ಆಸೆಯಾಯಿತು. ಆಮೇಲೆ ಬಿರಬಿರನೆ ನಡೆದು ಅವಳೆದುರಿಗೆ ಹೋಗಿ ನಿಂತೆ. ಮುಖಕ್ಕೆ ಮುಖ ಕೊಟ್ಟು ಮೂರನೆಯ ಸಲ ಹೇಳಿದೆ.

ಅಕ್ಕ ನನ್ನ ತುಟಿ ನೋಡಿದಳು. "ಏನಂದೆ? ಸರಿಯಾಗಿ ಹೇಳು, ತಪ್ಪಾಗಿ ಓದ್ದೆ."

"ನೀನು ಸರಿಯಾಗೇ ಓದ್ದೆ. ನಾನು ಮನೆ ಬಿಟ್ಟೆ. ಪುಟದ ಕೊನೇಲಿ. ಎರಡೆರಡು ಮನೆ. ಕನ್ನಡಕ ಕಂಡ್ತು, ಕೈ ಎದ್ಬಿಡ್ತು."

"ಆ ಕನ್ನಡಕ ಯಾಕೆ ಅಳಿಸ್ಲಿಲ್ಲ ನೀನು?"

"ನಿನಗೆ ಬೇಕಾಗುತ್ತೆ ಅಂತ..."

ಬಾಯಿ ಮುಚ್ಚದ ನಮ್ಮಕ್ಕ ಬಾಯಿ ಮುಚ್ಚಿದಳು. ಪೆಟ್ಟಿಗೆ ಕೆಳಗಿಟ್ಟಳು. ಹಾದುಹೋಗುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ನಮ್ಮ ಬಸ್ಸು ಬಂತು, ನಿಂತಿತು, ಹೋಯಿತು. ಅವಳು ನನ್ನ ಎಡಗೈ ಹಿಡಿದುಕೊಂಡಳು, ಪುಟ ತಿರುಗಿಸುವ ಕೈಯನ್ನು, ಮತ್ತು ಅದನ್ನೇ ನೋಡುತ್ತ ನಿಂತಳು.

"ಆ ಮನೆಗಳಲ್ಲಿ ಏನಿದೆ ಗೊತ್ತೇನೇ ನಿನಗೆ?" ಎಂದಳು ಆಮೇಲೆ.

ನಾನು ತಲೆಯಾಡಿಸಿದೆ. ಗೊತ್ತಿರಲಿಲ್ಲ. ಅಷ್ಟು ವರ್ಷವೂ ಆ ಜಾಗದಲ್ಲಿ ನಾನು ಕೇಳಿಸಿಕೊಂಡದ್ದು ಹಾಳೆ ಮಗುಚುವ ಸದ್ದು ಮಾತ್ರ.

"ಏನೂ ಇಲ್ಲ ಕಣೇ. ಒಂದೇ ಸ್ವರ. ಎಂಟು ಸಲ. ಮೂರೂ ಪುಟದಲ್ಲೂ ಅದೇ. ಅಪ್ಪ ಮೊದಲ್ನೇ ದಿನ ಕಲಿಸಿದ್ದು." ಅವಳು ನಡುಬೀದಿಯಲ್ಲಿ, ನನ್ನ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತ ಅದನ್ನು ಹಾಡಿದಳು.

ನಾನು ಎಣಿಸಿದೆ. ಎಂಟು ಸಲ ಇತ್ತು.